ಮರುಭೂಮಿಯ ಪರ್ವತವನ್ನು ಓದುವ ಬಗೆ
(ಒಮಾನಿನ ಹಜರ್ ಶ್ರೇಣಿಯ ಭೂವೈಜ್ಞಾನಿಕ ನಕ್ಷೆಯನ್ನು ಕುರಿತು ಒಂದು ಪಾಠ)

ಪೀಠಿಕೆ

ನಕ್ಷೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ತರಗತಿಯ ಗೋಡೆಯಲ್ಲಿ ತೂಗುತ್ತಿದ್ದ, ರಾಜ್ಯಕ್ಕೊಂದು ಬಣ್ಣ ಬಳಿದ ಭಾರತದ ಭೂಪಟ. ಅದರ ಮೇಲಿನ ಗೆರೆಗಳ ಶಕ್ತಿ ಎಷ್ಟೆಂಬುದನ್ನು ಕಾಸರಗೋಡಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಚಂದ್ರಗಿರಿ ಹೊಳೆಯೂ ಮುರಕಲ್ಲಿನ ಗುಡ್ಡಗಳೂ ಇದ್ದಲ್ಲಿಯೇ ಇದ್ದವು. ಬದಲಾದದ್ದು ಗೆರೆ ಮಾತ್ರ. ಆ ಗೆರೆಯನ್ನು ಎಳೆದದ್ದು ಕಚೇರಿಯ ಮೇಜಿನ ಮೇಲೆ.

ಆದರೆ ಇನ್ನೊಂದು ಬಗೆಯ ನಕ್ಷೆಯಿದೆ. ಅದರ ಗೆರೆಗಳನ್ನು ಮೇಜಿನ ಮುಂದೆ ಕುಳಿತು ನಿರ್ಧರಿಸಲಾಗದು. ಒಂದು ಬಗೆಯ ಕಲ್ಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಡೆದು, ಕಂಡು, ಮುಟ್ಟಿ, ಸುತ್ತಿಗೆಯಿಂದ ಒಡೆದು ನೋಡಿ ಎಳೆಯಬೇಕು. ಇದೇ ಭೂವೈಜ್ಞಾನಿಕ ನಕ್ಷೆ. ಇಂತಹ ನಕ್ಷೆಯೊಂದು ಹೇಗೆ ಸಿದ್ಧವಾಗುತ್ತದೆ, ಅದು ಹೇಗೆ ಒಂದು ದೊಡ್ಡ ವಿವಾದವನ್ನು ಬಗೆಹರಿಸಬಲ್ಲದು ಎಂಬುದನ್ನು ಒಂದು ನಿಜವಾದ ಉದಾಹರಣೆಯ ಮೂಲಕ ತಿಳಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗಾಗಿ ಆರಿಸಿಕೊಂಡಿರುವುದು ಅರೇಬಿಯ ಪರ್ಯಾಯದ್ವೀಪದ ಪೂರ್ವದ ಅಂಚಿನಲ್ಲಿರುವ ಒಮಾನಿನ ಹಜರ್ ಪರ್ವತಶ್ರೇಣಿ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ದುಡಿಮೆಗಾಗಿ ಕೊಲ್ಲಿಯ ನಾಡುಗಳಿಗೆ ಹೋದವರು. ಅವರಲ್ಲಿ ಮಸ್ಕತ್ತಿನಲ್ಲಿದ್ದವರು ಹಳೆಯ ಪಟ್ಟಣವನ್ನೂ ಮತ್ರಾ ಬಂದರನ್ನೂ ಸುತ್ತುವರಿದಿರುವ ಕಪ್ಪು ಮಿಶ್ರಿತ ಕಂದು ಬಣ್ಣದ ಬೋಳುಗುಡ್ಡಗಳನ್ನು ದಿನವೂ ನೋಡಿದ್ದಾರೆ. ಹುಲ್ಲುಕಡ್ಡಿಯೂ ಇಲ್ಲದ ಆ ಗುಡ್ಡಗಳು ಯಾವ ಕಲ್ಲಿನವು ಎಂಬುದು ಲೇಖನದ ಕೊನೆಯೊಳಗೆ ತಿಳಿದೀತು.

ಭೂವೈಜ್ಞಾನಿಕ ನಕ್ಷೆ ಎಂದರೇನು?

ನೆಲದ ಮೇಲ್ಮೈಯಲ್ಲಿ ಯಾವ ಯಾವ ಶಿಲೆಗಳು ಎಲ್ಲೆಲ್ಲಿ ಹರಡಿಕೊಂಡಿವೆ, ಅವುಗಳ ವಯಸ್ಸಿನ ಕ್ರಮವೇನು, ಅವು ನೆಲದೊಳಗೆ ಯಾವ ಕಡೆಗೆ ವಾಲಿವೆ ಎಂಬುದನ್ನು ಬಣ್ಣ ಮತ್ತು ಚಿಹ್ನೆಗಳಿಂದ ತೋರಿಸುವ ಪಟವೇ ಭೂವೈಜ್ಞಾನಿಕ ನಕ್ಷೆ. 1815ರಲ್ಲಿ ವಿಲಿಯಂ ಸ್ಮಿತ್ ಎಂಬ ಭೂಮಾಪಕನು ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ಇಂತಹ ನಕ್ಷೆಯನ್ನು ಪ್ರಕಟಿಸಿದನು. ನಮ್ಮ ದೇಶದಲ್ಲಿ ಈ ಕಾರ್ಯಕ್ಕಾಗಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1851ರಲ್ಲಿ ಸ್ಥಾಪಿತವಾಯಿತು.

ನಕ್ಷೆ ತಯಾರಿಸುವವನ ಸಾಮಗ್ರಿ ಹೆಚ್ಚೇನೂ ಇಲ್ಲ. ಸ್ಥಳದ ಏರುತಗ್ಗುಗಳನ್ನು ತೋರಿಸುವ ಮೂಲನಕ್ಷೆ, ವಿಮಾನದಿಂದ ಅಥವಾ ಉಪಗ್ರಹದಿಂದ ತೆಗೆದ ಚಿತ್ರಗಳು, ಸುತ್ತಿಗೆ, ಭೂತಗನ್ನಡಿ, ಓರೆಯನ್ನು ಅಳೆಯುವ ಸಾಧನವಿರುವ ದಿಕ್ಸೂಚಿ, ಟಿಪ್ಪಣಿ ಪುಸ್ತಕ. ಇವುಗಳ ಜೊತೆಗೆ ಗಟ್ಟಿಯಾದ ಕಾಲುಗಳಿರಬೇಕು.

ಪದರಶಿಲೆ ಕಂಡಲ್ಲೆಲ್ಲ ಅವನು ಎರಡು ಅಳತೆಗಳನ್ನು ಬರೆದುಕೊಳ್ಳುತ್ತಾನೆ. ಒಂದಕ್ಕೆ ಸ್ಟ್ರೈಕ್ ಎಂದೂ ಮತ್ತೊಂದಕ್ಕೆ ಡಿಪ್ ಎಂದೂ ಹೆಸರು. ಇವು ಕಠಿಣವೆಂದು ಅಂಜಬೇಕಾಗಿಲ್ಲ. ನಮ್ಮ ಮನೆಯ ಹಂಚಿನ ಮಾಡಿನ ಒಂದು ಪಾರ್ಶ್ವವನ್ನು ನೆನೆದುಕೊಳ್ಳಿರಿ. ಹಂಚಿನ ಸಾಲು ಏರದೆ ಇಳಿಯದೆ ಸಮತಲವಾಗಿ ಓಡುವ ದಿಕ್ಕೇ ಸ್ಟ್ರೈಕ್. ಮಳೆನೀರು ಹರಿದಿಳಿಯುವ ದಿಕ್ಕು ಮತ್ತು ಆ ಇಳಿಜಾರಿನ ಕೋನವೇ ಡಿಪ್. ಮಾಡಿನ ಅಂಚೊಂದನ್ನು ಕಂಡರೆ ಸಾಕು. ಈ ಎರಡು ಅಳತೆಗಳಿಂದ ಅದು ಗೋಡೆಯ ಮರೆಯಲ್ಲಿ ಎಷ್ಟು ಆಳಕ್ಕೆ ಹೋಗುತ್ತದೆಂದು ಲೆಕ್ಕ ಹಾಕಬಹುದು. ನೆಲದ ಮೇಲೆ ನಿಂತು ನೆಲದೊಳಗಿನದನ್ನು ಹೇಳುವ ಗುಟ್ಟು ಇಷ್ಟೇ.

ವಯಸ್ಸಿನ ಕ್ರಮವನ್ನು ನಿರ್ಧರಿಸಲು ಎರಡು ಸರಳ ನಿಯಮಗಳಿವೆ. ಕದಡದೆ ಇರುವ ಪದರಗಳಲ್ಲಿ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು. ಇದನ್ನು ನಿಕೊಲಾಸ್ ಸ್ಟೆನೊ 1669ರಷ್ಟು ಹಿಂದೆಯೇ ಹೇಳಿದ್ದನು. ಇನ್ನೊಂದನ್ನು ಸೀಳಿಕೊಂಡು ಹೋಗಿರುವ ಶಿಲೆಯು ಸೀಳಿಸಿಕೊಂಡ ಶಿಲೆಗಿಂತ ಕಿರಿಯದು ಎಂಬುದು ಎರಡನೆಯ ನಿಯಮ.

ಇವೆಲ್ಲಕ್ಕೂ ಮೇಲಾದದ್ದು ಗೆರೆಯ ಪ್ರಾಮಾಣಿಕತೆ. ಎರಡು ಶಿಲೆಗಳು ಸೇರುವ ಸ್ಥಳವನ್ನು ಕಣ್ಣಾರೆ ಕಂಡಿದ್ದರೆ ಅಖಂಡವಾದ ಗೆರೆಯನ್ನು ಎಳೆಯಬೇಕು. ಸ್ಥಳವು ಅಂದಾಜಿನದಾಗಿದ್ದರೆ ತುಂಡುತುಂಡಾದ ಗೆರೆ. ಮರಳಿನಡಿಯಲ್ಲೋ ಮಣ್ಣಿನಡಿಯಲ್ಲೋ ಮುಚ್ಚಿಹೋಗಿದ್ದರೆ ಬರಿಯ ಚುಕ್ಕೆಗಳು. ತಾನು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ನಕ್ಷೆಯ ಮೇಲೆಯೇ ಒಪ್ಪಿಕೊಳ್ಳುವ ಈ ಸಂಪ್ರದಾಯವು ಎಲ್ಲ ವಿದ್ಯೆಗಳಿಗೂ ಆದರ್ಶಪ್ರಾಯವಾದದ್ದು.

ಮರುಭೂಮಿಯ ಅನುಕೂಲ, ಮರುಭೂಮಿಯ ಮೋಸ

ನಮ್ಮ ಊರಿನಲ್ಲಿ ನೆಲದ ಶಿಲೆಯನ್ನು ಕಾಣುವುದು ಸುಲಭವಲ್ಲ. ಮೇಲೆ ತೋಟ, ಕಾಡು, ಅದರಡಿ ಮುರಕಲ್ಲು, ಅದರಡಿ ಶೇಡಿಮಣ್ಣು, ಇವೆಲ್ಲವನ್ನೂ ದಾಟಿದ ಮೇಲೆ ನೈಸ್ ಮುಂತಾದ ಪುರಾತನ ಶಿಲೆಗಳು. ಬಾವಿ ತೋಡಿದಲ್ಲಿ, ಹೊಳೆ ಕೊರೆದಲ್ಲಿ ಮಾತ್ರ ಅವುಗಳ ದರ್ಶನ. ಆದರೆ ಹಜರ್ ಶ್ರೇಣಿಯಲ್ಲಿ ಮಣ್ಣಿನ ಹೊದಿಕೆ ತೀರ ಕಡಿಮೆ. ಅರಬ್ಬಿ ಭಾಷೆಯಲ್ಲಿ 'ಹಜರ್' ಎಂದರೆ ಕಲ್ಲು ಎಂದೇ ಅರ್ಥ. ಬೆಟ್ಟದ ಎಲುಬುಗಳೆಲ್ಲ ಬಯಲಾಗಿವೆ. ಬೂದುಬಣ್ಣದ ಸುಣ್ಣಕಲ್ಲಿನ ಪದರಗಳು, ಕೆಂಪು ಚರ್ಟ್ ಶಿಲೆಯ ಮಡಿಕೆಗಳು, ಕಂದು ಬಣ್ಣದ ಪೆರಿಡೊಟೈಟ್ ಶಿಲೆ, ಇವುಗಳ ನಡುವಣ ಸಂಧಿಗಳನ್ನು ಆಕಾಶದಿಂದ ತೆಗೆದ ಚಿತ್ರಗಳಲ್ಲಿಯೂ ಗುರುತಿಸಬಹುದು.

ಹಾಗೆಂದು ಕೆಲಸ ಸುಲಭವೆಂದು ತಿಳಿಯಬಾರದು. ಬೇಸಗೆಯ ತಾಪದಲ್ಲಿ ಹೊರಗೆ ನಡೆಯುವುದೇ ಅಪಾಯ; ಆದ್ದರಿಂದ ಕ್ಷೇತ್ರಕಾರ್ಯವು ಮುಖ್ಯವಾಗಿ ಚಳಿಗಾಲದ ತಿಂಗಳುಗಳಿಗೆ ಸೀಮಿತ. 'ವಾದಿ' ಎಂದು ಅಲ್ಲಿನವರು ಕರೆಯುವ ಒಣ ಕಣಿವೆಗಳೇ ಬೆಟ್ಟದೊಳಗೆ ಹೋಗುವ ದಾರಿಗಳು. ದೂರದ ಬೆಟ್ಟದಲ್ಲಿ ಮಳೆ ಸುರಿದರೆ ಅದೇ ದಾರಿಯಲ್ಲಿ ಹಠಾತ್ತನೆ ನೆರೆ ನುಗ್ಗುತ್ತದೆ. ಬಣ್ಣವೂ ಮೋಸಗೊಳಿಸುತ್ತದೆ. ದೀರ್ಘಕಾಲ ಬಿಸಿಲಿಗೊಡ್ಡಿದ ಕಲ್ಲುಗಳ ಮೇಲೆ ಕಬ್ಬಿಣ ಮತ್ತು ಮ್ಯಾಂಗನೀಸಿನ ತೆಳುವಾದ ಕಪ್ಪು ಲೇಪವೊಂದು ಕೂಡುತ್ತದೆ. ಬೇರೆ ಬೇರೆ ಶಿಲೆಗಳು ಒಂದೇ ಬಣ್ಣದವಾಗಿ ತೋರುತ್ತವೆ. ಹಸುರು ಛಾಯೆಯ ಪೆರಿಡೊಟೈಟ್ ಹೊರಮೈಯಲ್ಲಿ ತುಕ್ಕು ಹಿಡಿದಂತೆ ಕಂದಾಗಿರುತ್ತದೆ. ಆದುದರಿಂದಲೇ ಸುತ್ತಿಗೆ ಬೇಕು. ಹೊರಮೈಯನ್ನು ನಂಬದೆ ಒಡೆದು ಒಳಮೈಯನ್ನು ನೋಡಬೇಕು.

ಪರ್ವತದ ಮೂರು ಅಟ್ಟಗಳು

ಹಜರ್ ಶ್ರೇಣಿಯು ಮುಸಂದಮ್ ಭೂಶಿರದಿಂದ ಆಗ್ನೇಯಕ್ಕೆ ಬಿಲ್ಲಿನಂತೆ ಬಾಗಿ, ಸುಮಾರು 700 ಕಿಲೋಮೀಟರ್ ದೂರ ಹಬ್ಬಿದೆ. ಇದರ ಅತ್ಯುನ್ನತ ಶಿಖರವಾದ ಜಬಲ್ ಶಮ್ಸ್ ಸುಮಾರು 3,000 ಮೀಟರ್ ಎತ್ತರವಿದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಜಿ. ಇ. ಪಿಲ್‌ಗ್ರಿಮ್ ಪರ್ಷಿಯನ್ ಕೊಲ್ಲಿಯ ಸುತ್ತಣ ಪ್ರದೇಶಗಳ ಭೂರಚನೆಯನ್ನು ಕುರಿತ ವರದಿಯನ್ನು 1908ರಲ್ಲಿ ಪ್ರಕಟಿಸಿದನು. ಅನಂತರ ಜಿ. ಎಂ. ಲೀಸ್ ಎಂಬ ಭೂವಿಜ್ಞಾನಿ ಒಮಾನಿನಲ್ಲಿ ಸಂಚರಿಸಿ 1928ರಲ್ಲಿ ತನ್ನ ಪ್ರಸಿದ್ಧ ಪ್ರಬಂಧವನ್ನು ಹೊರತಂದನು. ಇವರೂ ಇವರ ನಂತರ ಬಂದವರೂ ಗುರುತಿಸಿದ ಶಿಲೆಗಳನ್ನು ಮೂರು ಅಟ್ಟಗಳೆಂದು ಭಾವಿಸಬಹುದು.

ಕೆಳಗಿನ ಅಟ್ಟದಲ್ಲಿ ದಪ್ಪನೆಯ ಸುಣ್ಣಕಲ್ಲು. ಇದು ಸುಮಾರು 26 ಕೋಟಿ ವರ್ಷಗಳಿಂದ 9 ಕೋಟಿ ವರ್ಷಗಳ ಹಿಂದಿನವರೆಗೆ ಅರೇಬಿಯದ ಅಂಚಿನ ಆಳವಿಲ್ಲದ ಸಮುದ್ರದಲ್ಲಿ ಸಂಚಯವಾದದ್ದು. ಜಬಲ್ ಅಖ್ದರ್ ಎಂಬ ದೊಡ್ಡ ಬೆಟ್ಟವು ಮುಖ್ಯವಾಗಿ ಇದರಿಂದಲೇ ಆದದ್ದು.

ಅದರ ಮೇಲಿನ ಅಟ್ಟ ಹವಾಸಿನ ಶಿಲೆಗಳದು. ಇವು ಆಳಸಮುದ್ರದ ಕೆಸರು, ಚರ್ಟ್ ಮುಂತಾದವು. ಸೂಕ್ಷ್ಮಜೀವಿಗಳಾದ ರೇಡಿಯೊಲೇರಿಯಗಳ ಚಿಪ್ಪುಗಳಿಂದಾದ ಕೆಂಪು ಚರ್ಟ್ ಇದರಲ್ಲಿ ವಿಶೇಷ.

ಎಲ್ಲಕ್ಕಿಂತ ಮೇಲಿನ ಅಟ್ಟ ಸಮೇಲ್ ಶಿಲೆಗಳದು: ಪೆರಿಡೊಟೈಟ್, ಗ್ಯಾಬ್ರೊ ಮತ್ತು ಲಾವಾ. ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಹರಡಿದ ಬೃಹತ್ ಶಿಲಾರಾಶಿಯಿದು. ಮಸ್ಕತ್ತಿನ ಹಳೆಯ ಪಟ್ಟಣದ ಸುತ್ತಣ ಕಂದು ಗುಡ್ಡಗಳು ಇದರ ಪೆರಿಡೊಟೈಟಿನವೇ.

ಒಂದು ವಿವಾದ, ನಕ್ಷೆಯ ತೀರ್ಪು

ಈ ಮೂರು ಅಟ್ಟಗಳು ಒಂದರ ಮೇಲೊಂದು ಹೇಗೆ ಬಂದವು? ಮೇಲಿನ ಎರಡು ಅಟ್ಟಗಳು ಬೇರೆಲ್ಲಿಯೋ ಹುಟ್ಟಿ, ಹಾಳೆಗಳಂತೆ ಜರುಗಿ ಬಂದು ಸುಣ್ಣಕಲ್ಲಿನ ಮೇಲೆ ಕುಳಿತವು ಎಂದು ಲೀಸ್ ವಾದಿಸಿದನು. ಪರ್ವತದಷ್ಟು ದಪ್ಪದ ಕಲ್ಲು ದೂರದಿಂದ ಜರುಗಿ ಬರುವುದೆಂದರೇನು! ಮುಂದಿನ ದಶಕಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಹವಾಸಿನ ಸ್ತರಗಳು ಬಹುಮಟ್ಟಿಗೆ ಅಲ್ಲಿಯೇ ಸಂಚಯವಾದವು, ಸಮೇಲ್ ಶಿಲೆಗಳು ಅಲ್ಲಿಯೇ ಕೆಳಗಿನಿಂದ ಉಕ್ಕಿಬಂದವು ಎಂಬುದು ಅವರ ಮತ. 1960ರ ದಶಕದ ಕೊನೆಯವರೆಗೂ ಈ ಎರಡು ಪಕ್ಷಗಳು ಇದ್ದೇ ಇದ್ದವು.

ಇದು ಪಂಡಿತರ ಕಾಲಹರಣದ ಚರ್ಚೆಯಾಗಿರಲಿಲ್ಲ. ಎಣ್ಣೆಯನ್ನೋ ತಾಮ್ರವನ್ನೋ ನೀರನ್ನೋ ಹುಡುಕುವವನಿಗೆ ಕಾಲ ಕೆಳಗಿನ ಕಂದು ಶಿಲೆಯು ಪಾತಾಳದವರೆಗೆ ಬೇರು ಬಿಟ್ಟಿದೆಯೋ ಅಥವಾ ಕೆಲವು ಕಿಲೋಮೀಟರ್ ಕೆಳಗೆ ಮುಗಿದು ಸುಣ್ಣಕಲ್ಲು ಸಿಗುತ್ತದೆಯೋ ಎಂಬುದು ಮುಖ್ಯ ಪ್ರಶ್ನೆ.

ಕೆ. ಡಬ್ಲ್ಯು. ಗ್ಲೆನ್ನಿ ಮತ್ತು ಸಂಗಡಿಗರಾದ ಶೆಲ್ ಸಂಸ್ಥೆಯ ಭೂವಿಜ್ಞಾನಿಗಳು ಇಡೀ ಶ್ರೇಣಿಯನ್ನು ಸಮೀಕ್ಷಿಸಿ, 1974ರಲ್ಲಿ ತಮ್ಮ ಗ್ರಂಥವನ್ನೂ ನಕ್ಷೆಯನ್ನೂ ಪ್ರಕಟಿಸಿದರು. ಅವರ ಕೆಲಸದಿಂದಲೂ ಅನಂತರದ ಸಂಶೋಧನೆಗಳಿಂದಲೂ ದೊರೆತ ಸಾಕ್ಷ್ಯಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ವಯಸ್ಸಿನ ಸಾಕ್ಷ್ಯ. ಪಳೆಯುಳಿಕೆಗಳಿಂದ ನೋಡಿದರೆ ಕೆಳಗಿನ ಸುಣ್ಣಕಲ್ಲಿನ ಕಾಲಾವಧಿಯೂ ಮೇಲಿನ ಹವಾಸಿನ ಸ್ತರಗಳ ಕಾಲಾವಧಿಯೂ ಹೆಚ್ಚುಕಡಿಮೆ ಒಂದೇ. ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ, ಆಳವಿಲ್ಲದ ಸಮುದ್ರವೂ ಆಳಸಮುದ್ರವೂ ಇರುವುದು ಅಸಾಧ್ಯ. ಅಷ್ಟೇ ಅಲ್ಲ, ಹವಾಸಿನದ ಹಳೆಯ ಸ್ತರಗಳು ಅವುಗಳಿಗಿಂತ ಕಿರಿಯದಾದ ಸುಣ್ಣಕಲ್ಲಿನ ಮೇಲೆ ಮಲಗಿವೆ. ಕದಡದ ಪದರಗಳಲ್ಲಿ ಕೆಳಗಿನದೇ ಹಿರಿಯದಾಗಬೇಕು. ಇಲ್ಲಿ ಕ್ರಮ ತಿರುಗುಮುರುಗಾಗಿದೆ. ಆದುದರಿಂದ ಮೇಲಿನದು ಜರುಗಿ ಬಂದದ್ದೆನ್ನಬೇಕು.

ಎರಡನೆಯದು ಸಂಧಿಯ ಸಾಕ್ಷ್ಯ. ಸಮೇಲ್ ಲಾವಾ ಅಲ್ಲಿಯೇ ಉಕ್ಕಿದ್ದರೆ ಅದು ಮೇಲೇರಿದ ದಾರಿಗಳು ಕೆಳಗಿನ ಸುಣ್ಣಕಲ್ಲನ್ನು ಸೀಳಿಕೊಂಡು ಬಂದಿರಬೇಕಿತ್ತು. ಅಂತಹ ದಾರಿಗಳು ಕಾಣುವುದಿಲ್ಲ. ಜಬಲ್ ಅಖ್ದರ್ ಬೆಟ್ಟದ ಸುತ್ತಲೂ ಸಮೇಲ್ ಮತ್ತು ಹವಾಸಿನ ಶಿಲೆಗಳು ಉಂಗುರದಂತಿವೆ. ನಡುವೆ ಸವೆದುಹೋದ ತೂತಿನಲ್ಲಿ ಕೆಳಗಿನ ಸುಣ್ಣಕಲ್ಲು ಕಾಣುತ್ತದೆ. ಮೇಲಿನ ಕಂಬಳಿ ಹರಿದಲ್ಲಿ ಕೆಳಗಿನ ಚಾಪೆ ಕಂಡಂತೆ. ಭೂವಿಜ್ಞಾನಿಗಳು ಇದನ್ನು 'ಕಿಟಕಿ' ಎನ್ನುತ್ತಾರೆ.

ಮೂರನೆಯದು ಬಿಸಿಯ ಸಾಕ್ಷ್ಯ. ಪೆರಿಡೊಟೈಟಿನ ತಳದಲ್ಲಿ ಕೆಲವೆಡೆ ಬೆಂದು ರೂಪಾಂತರಗೊಂಡ ಶಿಲೆಯ ತೆಳುವಾದ ಪದರವಿದೆ. ಅದರ ಮೇಲ್ಭಾಗ ಹೆಚ್ಚು ಬೆಂದಿದೆ, ಕೆಳಭಾಗ ಕಡಿಮೆ. ಒಲೆಯ ಬೆಂಕಿ ಕೆಳಗಿದ್ದರೆ ದೋಸೆಯ ಕೆಳಮೈ ಕೆಂಪಾಗುತ್ತದೆ; ಇಲ್ಲಿ ಕೆಂಪಾದದ್ದು ಮೇಲ್ಮೈ. ಎಂದರೆ ಬಿಸಿಯು ಮೇಲಿನಿಂದ ಬಂದಿತು. ಇನ್ನೂ ಬಿಸಿಯಾಗಿದ್ದ ಶಿಲಾರಾಶಿ ಮೇಲೇರಿ ಜರುಗಿದಾಗ ಕೆಳಗಿನದನ್ನು ಬೇಯಿಸಿತು.

ಹೀಗೆ ಲೀಸ್ ಹೇಳಿದ ಮಾತು ಮುಖ್ಯಾಂಶದಲ್ಲಿ ನಿಜವೆಂದು ಸಿದ್ಧವಾಯಿತು.

ಕಡಲಿನ ತಳ ಬೆಟ್ಟದ ಮೇಲೆ

ಸಮೇಲ್ ಅಟ್ಟ ಎಲ್ಲಿಂದ ಜರುಗಿ ಬಂದಿತು? ಅದರ ಶಿಲೆಗಳ ಅನುಕ್ರಮವೇ ಉತ್ತರ ಹೇಳುತ್ತದೆ. ತಳದಲ್ಲಿ ಪೆರಿಡೊಟೈಟ್; ಅದರ ಮೇಲೆ ಪದರಪದರವಾದ ಗ್ಯಾಬ್ರೊ; ಅದರ ಮೇಲೆ ಕಪಾಟಿನಲ್ಲಿ ನಿಲ್ಲಿಸಿಟ್ಟ ಪುಸ್ತಕಗಳಂತೆ ಒತ್ತೊತ್ತಾಗಿ ನಿಂತ ಡೈಕುಗಳು; ಅದರ ಮೇಲೆ ದಿಂಬುಗಳನ್ನು ರಾಶಿ ಹಾಕಿದಂತಹ ಲಾವಾ. ಲಾವಾ ನೀರಿನಡಿಯಲ್ಲಿ ಉಕ್ಕಿ ತಟ್ಟನೆ ತಣಿದಾಗ ಇಂತಹ ದಿಂಬಿನ ಆಕಾರ ಬರುತ್ತದೆ. ಸೊಹಾರ್ ಪಟ್ಟಣದ ಒಳನಾಡಿನ ವಾದಿ ಜಿಜ್ಜಿ ಕಣಿವೆಯಲ್ಲಿ ಇವು ಬಹಳ ಸ್ಪಷ್ಟವಾಗಿವೆ.

ಇದು ಮಹಾಸಾಗರದ ತಳದ ರಚನೆಯೇ ಹೌದು. ಇಂತಹ ಶಿಲಾಸಮೂಹಕ್ಕೆ ಓಫಿಯೊಲೈಟ್ ಎಂದು ಹೆಸರು. ಸುಮಾರು 9.6 ಕೋಟಿ ವರ್ಷಗಳ ಹಿಂದೆ ಸಾಗರದಡಿಯಲ್ಲಿ ಹುಟ್ಟಿದ ಈ ಭೂಕವಚವು, ತನ್ನ ಕೆಳಗಿನ ಮ್ಯಾಂಟಲಿನ ಒಂದು ಭಾಗದೊಡನೆ, ನೂರಾರು ಕಿಲೋಮೀಟರ್ ಜರುಗಿ ಅರೇಬಿಯದ ಅಂಚನ್ನು ಏರಿ ಕುಳಿತಿತು. ಸಾಮಾನ್ಯವಾಗಿ ಸಾಗರದ ತಳವು ಭೂಖಂಡದ ಅಡಿಗೆ ಮುಳುಗುತ್ತದೆ. ಇಲ್ಲಿ ಭೂಖಂಡದ ಅಂಚೇ ಅದರಡಿಗೆ ನುಗ್ಗಿತು.

ಭೂಕವಚಕ್ಕೂ ಮ್ಯಾಂಟಲಿಗೂ ನಡುವಣ ಮೇರೆಯನ್ನು 1909ರಲ್ಲಿ ಮೊಹೊರೊವಿಚಿಚ್ ಎಂಬ ವಿಜ್ಞಾನಿ ಭೂಕಂಪದ ಅಲೆಗಳಿಂದ ಗುರುತಿಸಿದನು. ಅದಕ್ಕೆ ಸಂಕ್ಷೇಪವಾಗಿ ಮೊಹೊ ಎನ್ನುತ್ತಾರೆ. ಸಾಗರದ ತಳವನ್ನು ಕೊರೆದು ಅದನ್ನು ಮುಟ್ಟಬೇಕೆಂದು 1961ರಲ್ಲಿ ಅಮೆರಿಕ ಮಾಡಿದ ಮೊಹೋಲ್ ಯತ್ನ ಸಫಲವಾಗಲಿಲ್ಲ. ಅಖಂಡವಾದ ಸಾಗರ ಭೂಕವಚವನ್ನು ಪೂರ್ಣವಾಗಿ ಕೊರೆದು ಮೊಹೊವನ್ನು ತಲುಪುವುದು ಇಂದಿಗೂ ಸಾಧ್ಯವಾಗಿಲ್ಲ. ಆದರೆ ಒಮಾನಿನ ಕಣಿವೆಗಳಲ್ಲಿ ಒಂದು ಕಾಲನ್ನು ಪುರಾತನ ಮ್ಯಾಂಟಲಿನ ಮೇಲೂ ಇನ್ನೊಂದನ್ನು ಭೂಕವಚದ ಮೇಲೂ ಇಟ್ಟು ನಿಲ್ಲಬಹುದು. ಮತ್ರಾದ ಕಂದುಗುಡ್ಡಗಳನ್ನು ಕಂಡವರು ಮ್ಯಾಂಟಲನ್ನು ಕಣ್ಣಾರೆ ಕಂಡವರೇ ಸರಿ.

ಮರುಭೂಮಿಯಲ್ಲಿ ಮುರಕಲ್ಲು

ನಕ್ಷೆಯ ಮೇಲಿನ ಇನ್ನೊಂದು ಸಣ್ಣ ಗುರುತು ನಮಗೆ ಆತ್ಮೀಯವಾದದ್ದು. ಸಮೇಲ್ ಶಿಲೆಗಳು ನೆಲೆಗೊಂಡು, ನೀರಿನಿಂದ ಮೇಲೆದ್ದು, ಸುಮಾರು 7 ಕೋಟಿ ವರ್ಷಗಳ ಹಿಂದೆ ಗಾಳಿಮಳೆಗೆ ಸವೆಯತೊಡಗಿದವು. ಬಳಿಕ ಅವುಗಳ ಮೇಲೆ ಉರುಟುಗಲ್ಲುಗಳೂ ಹೊಸ ಸುಣ್ಣಕಲ್ಲೂ ಸಂಚಯವಾದವು. ಇವೆರಡರ ನಡುವೆ ಇಬ್ರಾ ಮುಂತಾದ ಕೆಲವು ಕಡೆ ಕೆಂಪನೆಯ ಕಲ್ಲೊಂದು ಸಿಗುತ್ತದೆ. ಅದು ಲ್ಯಾಟರೈಟ್, ಅರ್ಥಾತ್ ನಮ್ಮ ಮುರಕಲ್ಲಿನ ಜಾತಿಯದು. ಆ ಹೆಸರನ್ನು 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು ನಮ್ಮ ಕೇರಳದ ಅಂಗಾಡಿಪುರಂ ಎಂಬಲ್ಲಿನ ಕಲ್ಲನ್ನು ನೋಡಿ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಬೇಕಲದ ಕೋಟೆಯೂ ನಮ್ಮ ಮನೆಗಳೂ ಎದ್ದುನಿಂತಿರುವುದು ಇದೇ ಕಲ್ಲಿನಿಂದ.

ಲ್ಯಾಟರೈಟ್ ಹುಟ್ಟಲು ಬಿಸಿಯೂ ಧಾರಾಳ ಮಳೆಯೂ ಬೇಕು. ಅಂದ ಮೇಲೆ ಇಂದು ಬಾಯಾರಿ ನಿಂತಿರುವ ಆ ಮರುಭೂಮಿಯಲ್ಲಿ ಒಂದು ಕಾಲಕ್ಕೆ ನಮ್ಮ ನೆಲದಂತೆ ಮಳೆ ಸುರಿದಿತ್ತು. ಬೆಟ್ಟದ ಬದಿಯ ಒಂದು ಕೆಂಪು ಪಟ್ಟಿ ಇಷ್ಟನ್ನು ಹೇಳುತ್ತದೆ.

ನಕ್ಷೆಯ ಪ್ರಯೋಜನ

ಮೆಸೊಪೊಟೇಮಿಯದ ಪ್ರಾಚೀನ ಮಣ್ಣಿನ ಫಲಕಗಳಲ್ಲಿ ಮಗನ್ ಎಂಬ ದೇಶದ ತಾಮ್ರದ ಉಲ್ಲೇಖವಿದೆ. ಒಮಾನ್ ಪ್ರದೇಶವೇ ಅದೆಂದು ವಿದ್ವಾಂಸರ ಅಭಿಪ್ರಾಯ. ಆ ತಾಮ್ರ ಸಿಗುವುದು ಮುಖ್ಯವಾಗಿ ದಿಂಬುಲಾವಾದ ಪಟ್ಟಿಯಲ್ಲಿ. ಆ ಪಟ್ಟಿಯನ್ನು ನಕ್ಷೆಯಲ್ಲಿ ಗುರುತಿಸಿದರೆ ಹುಡುಕುವವನ ದಾರಿ ಅರ್ಧ ಸವೆದಂತೆ.

ನೀರಿನ ವಿಷಯವೂ ಹಾಗೆಯೇ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿದ ಮಳೆನೀರು ಬೆಟ್ಟದ ಬುಡದಲ್ಲಿ ಹೊರಬರುತ್ತದೆ. ಒಮಾನಿನ ಜನರು ನೆಲದಡಿಯಲ್ಲಿ ಸುರಂಗ ತೋಡಿ, ಯಂತ್ರವಿಲ್ಲದೆ ಕೇವಲ ಇಳಿಜಾರಿನ ಬಲದಿಂದ ನೀರನ್ನು ಖರ್ಜೂರದ ತೋಟಗಳಿಗೆ ಹರಿಸುತ್ತಾರೆ. ಅದಕ್ಕೆ 'ಫಲಜ್' ಎಂದು ಹೆಸರು. ಇಂತಹ ಐದು ನೀರಾವರಿ ವ್ಯವಸ್ಥೆಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಮುರಕಲ್ಲಿಗೆ ಸುರಂಗ ಕೊರೆದು ಅಡಿಕೆ ತೋಟಕ್ಕೆ ನೀರು ತರುವ ನಮ್ಮ ಕಾಸರಗೋಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇತ್ತೀಚಿನ ಕುತೂಹಲವೊಂದಿದೆ. ಪೆರಿಡೊಟೈಟ್ ಶಿಲೆಯು ನೀರಿನೊಡನೆ ಬೆರೆತ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಳಿಯ ಕಾರ್ಬೊನೇಟ್ ಕಲ್ಲಾಗಿ ಮಾರ್ಪಡಿಸುತ್ತದೆ. ವಾಯುಮಂಡಲದ ತಾಪವನ್ನು ಹೆಚ್ಚಿಸುವ ಅನಿಲವನ್ನು ಹೀಗೆ ಕಲ್ಲಾಗಿಸಿ ಬಂಧಿಸಬಹುದೇ ಎಂದು ಪೀಟರ್ ಕೆಲೆಮೆನ್ ಮತ್ತು ಯುರ್ಗ್ ಮಾಟರ್ 2008ರಲ್ಲಿ ವಿಚಾರ ಮಂಡಿಸಿದರು. 2016ರಿಂದ 2018ರವರೆಗೆ ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವು ಸಮೇಲ್ ಶಿಲೆಗಳಲ್ಲಿ ಹಲವೆಡೆ ಕೊಳವೆ ಕೊರೆದು, ಒಟ್ಟು 3 ಕಿಲೋಮೀಟರಿಗೂ ಮಿಕ್ಕ ಉದ್ದದ ಶಿಲಾಮಾದರಿಗಳನ್ನು ಹೊರತೆಗೆಯಿತು. ಎಲ್ಲಿ ಕೊರೆಯಬೇಕೆಂಬುದನ್ನು ಆರಿಸಲು ಆಧಾರವಾದದ್ದು ಹಿಂದಿನವರು ನಡೆದು ಸಿದ್ಧಪಡಿಸಿದ ನಕ್ಷೆಗಳೇ.

ಉಪಸಂಹಾರ

ಈ ಪಾಠವನ್ನು ಓದಿದ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿ ಮುರಕಲ್ಲಿನ ಪಾರೆಯಿದೆ, ಎಲ್ಲಿ ಗದ್ದೆಯ ಮಣ್ಣಿದೆ, ಯಾವ ಹೊಳೆಯ ಬದಿಯಲ್ಲಿ ಕರಿಕಲ್ಲು ತಲೆಯೆತ್ತಿದೆ ಎಂಬುದನ್ನು ಬಣ್ಣದಿಂದ ತೋರಿಸಿರಿ. ಹೊಸದಾಗಿ ತೋಡಿದ ಬಾವಿಯಿದ್ದರೆ ಹಿರಿಯರ ಜೊತೆಯಲ್ಲಿ ಹೋಗಿ ಅದರ ಪದರಗಳನ್ನು ಮೇಲಿನಿಂದ ಕೆಳಗೆ ಬರೆದುಕೊಳ್ಳಿರಿ. ಕಣ್ಣಾರೆ ಕಂಡಲ್ಲಿ ಅಖಂಡ ಗೆರೆ, ಊಹಿಸಿದಲ್ಲಿ ತುಂಡುಗೆರೆ ಎಂಬ ನಿಯಮವನ್ನು ಮಾತ್ರ ಮುರಿಯಬೇಡಿರಿ. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯ ದಿನವೊಂದರಲ್ಲಿ ತಾವಿರುವ ಊರಿನ ಕಲ್ಲನ್ನೊಮ್ಮೆ ನೋಡಿ ಬಂದು, ಊರಿಗೆ ಬಂದಾಗ ಮಕ್ಕಳಿಗೆ ಹೇಳಿದರೆ ಅದು ಶಾಲೆಗೆ ಸಲ್ಲಿಸಿದ ಒಂದು ಕಾಣಿಕೆಯೇ ಆದೀತು.

ಐವತ್ತು ವರ್ಷಗಳ ಕಾಲ ನಮ್ಮ ಶಾಲೆ ಕನ್ನಡದಲ್ಲಿ ಓದುಬರಹ ಕಲಿಸಿದೆ. ಮಳೆ ಏಕೆ ಬರುತ್ತದೆ, ಬೆಟ್ಟ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗಳನ್ನು ನಾವು ಮೊದಲು ಕೇಳಿದ್ದು ಈ ಭಾಷೆಯಲ್ಲಿ. ಒಮಾನಿನ ಬೆಟ್ಟವನ್ನೂ ನಮ್ಮ ಮುರಕಲ್ಲಿನ ಗುಡ್ಡವನ್ನೂ ಒಂದೇ ಉಸಿರಿನಲ್ಲಿ ವಿವರಿಸಲು ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ಗಡಿಯ ಗೆರೆ ಎಲ್ಲಿಯೇ ಇರಲಿ, ತನ್ನ ಕಾಲಡಿಯ ನೆಲವನ್ನು ತನ್ನ ನುಡಿಯಲ್ಲಿ ಓದಬಲ್ಲ ಮಕ್ಕಳು ಈ ಶಾಲೆಯಿಂದ ಮುಂದೆಯೂ ಹೊರಬರಲಿ ಎಂಬುದೇ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನನ್ನ ಹಾರೈಕೆ.